ಮ್ಯಾಗಿಗೆ ಹೊಲಿಯಲು ಬರುತ್ತದೆ

ಆಲಿಸ್ ವಾಕರ್ ಅವರ ‘ಎವೆರಿಡೇ ಯೂಸ್’ (1973) ಕತೆಯನ್ನು ತರಗತಿಯಲ್ಲಿ ಓದಿದವರಿಗೆ ಅದರ ಕೊನೆಯ ಜಗಳ ನೆನಪಿರುತ್ತದೆ. ಅಮೆರಿಕದ ದಕ್ಷಿಣ ಭಾಗದ ಹಳ್ಳಿಯೊಂದರ ಕಪ್ಪು ಕುಟುಂಬ. ಓದಿ ಪಟ್ಟಣ ಸೇರಿದ ಹಿರಿಮಗಳು ಡೀ, ಹೆಸರನ್ನೂ ವಾಂಗೆರೋ ಎಂದು ಬದಲಿಸಿಕೊಂಡು ಮನೆಗೆ ಬಂದಿದ್ದಾಳೆ. ಟ್ರಂಕಿನಲ್ಲಿರುವ ಎರಡು ಕ್ವಿಲ್ಟುಗಳು, ನಮ್ಮ ಮಾತಿನಲ್ಲಿ ಕೌದಿಗಳು, ಅವಳಿಗೆ ಬೇಕು. ತಾಯಿ ಅವನ್ನು ಕಿರಿಮಗಳು ಮ್ಯಾಗಿಯ ಮದುವೆಗೆಂದು ಎತ್ತಿಟ್ಟಿದ್ದಾಳೆ. ಮ್ಯಾಗಿಯಾದರೆ ದಿನಾ ಹೊದ್ದು ಹರಿದುಹಾಕುತ್ತಾಳೆ ಎಂದು ಡೀ ಸಿಟ್ಟಾಗುತ್ತಾಳೆ. ಅವಳು ಅವನ್ನು ತೂಗುಹಾಕಬೇಕೆಂದಿದ್ದಾಳೆ. ತಾಯಿ ಅವಳ ಕೈಯಿಂದ ಕೌದಿಗಳನ್ನು ಕಿತ್ತು ಮ್ಯಾಗಿಯ ಮಡಿಲಿಗೆ ಹಾಕುತ್ತಾಳೆ.

ಇದನ್ನು ನಾವು ಸಾಮಾನ್ಯವಾಗಿ ಬಳಕೆ ಮತ್ತು ಪ್ರದರ್ಶನಗಳ ನಡುವಿನ ಜಗಳವೆಂದು ಓದುತ್ತೇವೆ. ತೂಗುಹಾಕುವವಳು ಸೋತಳು, ಹೊದೆಯುವವಳು ಗೆದ್ದಳು. ಈ ಓದು ತಪ್ಪಲ್ಲ, ಆದರೆ ಅರ್ಧಕ್ಕೇ ನಿಲ್ಲುತ್ತದೆ. ಕೌದಿ ಹರಿದುಹೋದರೆ ಏನು ಮಾಡುವುದು ಎಂಬ ಪ್ರಶ್ನೆಗೆ ತಾಯಿಯ ಬಳಿ ಸರಳ ಉತ್ತರವಿದೆ: ಮ್ಯಾಗಿ ಇನ್ನೊಂದು ಹೊಲಿಯುತ್ತಾಳೆ, ಅವಳಿಗೆ ಹೊಲಿಯಲು ಬರುತ್ತದೆ. ನನ್ನ ಮಟ್ಟಿಗೆ ಕತೆಯ ತಿರುಳು ಈ ಮಾತಿನಲ್ಲಿದೆ. ಪರಂಪರೆ ಟ್ರಂಕಿನಲ್ಲಿಲ್ಲ, ಕೈಯಲ್ಲಿದೆ.

ಡೀಗೆ ಕೌದಿಯ ಮೇಲೆ ಪ್ರೀತಿಯಿಲ್ಲ ಎನ್ನಲಾಗದು. ಅಜ್ಜಿಯ ಉಡುಪಿನ ತುಂಡುಗಳು, ಅಜ್ಜನ ಮಾವಿನಕಾಯಿ ಚಿತ್ತಾರದ ಅಂಗಿಯ ಚೂರುಗಳು, ಮುತ್ತಜ್ಜ ಅಂತರ್ಯುದ್ಧದಲ್ಲಿ ತೊಟ್ಟ ಸಮವಸ್ತ್ರದಿಂದ ಬಂದ ಬೆಂಕಿಪೊಟ್ಟಣದಷ್ಟು ನೀಲಿ ಬಟ್ಟೆ. ಇಂಥದ್ದರ ಬೆಲೆ ಅವಳಿಗೆ ಗೊತ್ತು. ಆದರೆ ಬೇರೆ ಕೌದಿಗಳನ್ನು ಕೊಡುತ್ತೇನೆಂದಾಗ, ಅವುಗಳ ಅಂಚು ಮಶೀನಿನದೆಂದು ಬೇಡವೆನ್ನುತ್ತಾಳೆ. ಹಾಗಿದ್ದರೆ ಹೆಚ್ಚು ದಿನ ಬಾಳುತ್ತದಲ್ಲ ಎನ್ನುತ್ತಾಳೆ ತಾಯಿ. ಒಬ್ಬಳು ಹೊಲಿಗೆಯಲ್ಲಿ ಹಿಂದಿನವರ ಗುರುತು ಹುಡುಕುತ್ತಾಳೆ, ಇನ್ನೊಬ್ಬಳು ಅದು ಗಟ್ಟಿಯಾಗಿದೆಯೇ ಎಂದು ನೋಡುತ್ತಾಳೆ.

ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಹೊಲಿಯುವುದನ್ನು ಕಂಡವರಿಗೆ ಈ ವ್ಯತ್ಯಾಸ ಬೇಗ ಹೊಳೆಯುತ್ತದೆ. ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಹಳೆಯ ಸೀರೆ ಹಾಸಿ, ಅದರ ಮೇಲೆ ಧೋತರ, ಅಂಗಿ, ಲಂಗದ ತುಂಡುಗಳನ್ನು ಹೊಂದಿಸುತ್ತಾರೆ. ಕೆಂಪಿನ ಪಕ್ಕ ಹಸಿರೋ ಹಳದಿಯೋ ಎಂದು ವಾದವಾಗುತ್ತದೆ. ಆ ವಾದದಲ್ಲಿ ಸುಖವಿದೆ, ವಿಮರ್ಶೆಯೂ ಇದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳ ಸುತ್ತ ಸಿದ್ದಿ ಹೆಣ್ಣುಮಕ್ಕಳು ತಮ್ಮ ಕವಂದಿಯನ್ನು ಅಂಚಿನಿಂದ ಶುರುಮಾಡಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂವು ಕೂರಿಸುತ್ತಾರೆ. ವಾಕರ್ ಅವರ ಪಾತ್ರಗಳಂತೆ ಸಿದ್ದಿಯರ ಪೂರ್ವಜರೂ ಆಫ್ರಿಕಾದಿಂದ ಬಂದವರು. ಅಷ್ಟಕ್ಕೇ ಎರಡು ಹೊಲಿಗೆಗಳನ್ನು ಒಂದೆನ್ನಬೇಕಿಲ್ಲ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬ ತಿಳಿವು ಎರಡೂ ಕಡೆ ಪಕ್ಕದಲ್ಲಿ ಕೂತು ಕಲಿತದ್ದು.

ಇಲ್ಲಿ ವಾಕರ್ ಅವರ ಬಗ್ಗೆಯೂ ನನ್ನದೊಂದು ತಕರಾರಿದೆ. ಕತೆಯುದ್ದಕ್ಕೂ ಮ್ಯಾಗಿ ಒಮ್ಮೆಯೂ ಸೂಜಿ ಹಿಡಿಯುವುದಿಲ್ಲ. ನಿರೂಪಕಿಯಾದ ತಾಯಿ ಅವಳ ಸುಟ್ಟ ಗಾಯ, ಎಳೆದುಕೊಂಡು ನಡೆಯುವ ಕಾಲು, ತಡವರಿಸುವ ಓದು ಎಲ್ಲವನ್ನೂ ಹೇಳುತ್ತಾಳೆ. ಅಜ್ಜಿ ಮತ್ತು ತಾಯಿಯ ಸೋದರಿ ಅವಳಿಗೆ ಹೊಲಿಗೆ ಕಲಿಸಿದ್ದು ಮಾತ್ರ ಒಂದು ಸಾಲಿನಲ್ಲಿ ಬಂದುಹೋಗುತ್ತದೆ. ಅವಳಿಗೆ ಯಾವ ಬಣ್ಣ ಇಷ್ಟ? ಯಾವ ತುಂಡನ್ನು ಬೇಡವೆಂದು ಬದಿಗಿಡುತ್ತಾಳೆ? ಕತೆ ಅವಳಿಗೆ ನ್ಯಾಯ ಕೊಡುತ್ತದೆ, ಕಲಾವಿದೆಯ ಪಟ್ಟ ಕೊಡುವುದಿಲ್ಲ. ನಾವೂ ಅಷ್ಟೇ. ಬಿಡಿಬಿಡಿಯಾಗಿರುವ ಕಾದಂಬರಿಯನ್ನು ಸುಲಭವಾಗಿ ಕೌದಿ ಎಂದುಬಿಡುತ್ತೇವೆ, ಸಿಕ್ಕಿದ್ದನ್ನೆಲ್ಲ ಜೋಡಿಸಿದರೆ ಕೌದಿಯಾಗುತ್ತದೆ ಎಂಬಂತೆ. ಒಂದು ಕೌದಿ ಹೊಲಿದು ನೋಡಿದವರು ಹಾಗೆ ಬರೆಯಲಾರರು.

ಇನ್ನು ಗೋಡೆಯ ವಿಷಯ. 2002ರಲ್ಲಿ ಅಲಬಾಮಾದ ಜೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಂಗಸರ ಕೌದಿಗಳನ್ನು ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ, ನಂತರ ನ್ಯೂಯಾರ್ಕಿನ ವಿಟ್ನಿಯಲ್ಲಿ ತೂಗುಹಾಕಿದರು. ಚಳಿಗೆಂದು ಹೊಲಿದವರನ್ನು ಜಗತ್ತು ಕಲಾವಿದೆಯರೆಂದು ಕರೆದದ್ದು ಆ ಗೋಡೆಗಳಿಂದಾಗಿಯೇ. ಹಾಗಾಗಿ ತೂಗುಹಾಕುವುದೇ ಅಪರಾಧವಲ್ಲ. ಅಲ್ಲಿ ಪ್ರತಿ ಕೌದಿಯ ಜೊತೆ ಹೊಲಿದವಳ ಹೆಸರಿತ್ತು. ಡೀಯ ಗೋಡೆಯ ಮೇಲೆ ಕಾಣುತ್ತಿದ್ದದ್ದು ಡೀಯ ಅಭಿರುಚಿ ಮಾತ್ರ. ಬಳಕೆಯೇ ಶ್ರೇಷ್ಠ ಎಂದು ಮ್ಯಾಗಿಯನ್ನು ಹೊಗಳುವ ನಾವೂ ಹುಷಾರಾಗಿರಬೇಕು. ಆ ಹೊಗಳಿಕೆಯಲ್ಲಿ ಅವಳ ಕೆಲಸಕ್ಕೆ ಹೆಸರೂ ಇಲ್ಲ, ಕೂಲಿಯೂ ಇಲ್ಲ.

ಮುಂದಿನ ಬಾರಿ ಈ ಕತೆ ಓದುವಾಗ, ಕೌದಿ ಯಾರಿಗೆ ಸೇರಬೇಕು ಎಂಬ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಡೋಣ. ಮುಂದಿನ ಕೌದಿಯನ್ನು ಹೊಲಿಯುವವರು ಯಾರು ಎಂದು ಕೇಳೋಣ. ಆಗ ಮನೆಯ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತ ಹುಡುಗಿ ಕತೆಯ ನಡುವಿಗೆ ಬರುತ್ತಾಳೆ.