ಕೇಳದೆ ಹೊತ್ತಿಕೊಳ್ಳುವ ಕಾರ್ಡು

ನುಡಿ ಅಕ್ಷರಗಳಲ್ಲಿ ಕೂರಿಸಿದ ಹಳೆಯ ಪೇಜ್‌ಮೇಕರ್ ಕಡತವೊಂದನ್ನು ತಿದ್ದಬೇಕಾದ ಕನ್ನಡದ ಸಂಪಾದಕರ ಬಳಿ ಇರುವುದು ಮ್ಯಾಕ್‌ಬುಕ್ ಆದರೆ ಅವರಿಗೆ ಹೆಚ್ಚು ದಾರಿಗಳಿಲ್ಲ. ನುಡಿ ವಿಂಡೋಸ್‌ಗೆಂದೇ ಬೆಳೆದ ತಂತ್ರಾಂಶ. ಹಾಗಾಗಿ ಪ್ಯಾರಲಲ್ಸ್ ಅಥವಾ ವಿಎಂವೇರ್ ಫ್ಯೂಶನ್ ಹಾಕಿ, ಅದರಲ್ಲೊಂದು ವರ್ಚುವಲ್ ಮಷಿನ್ ಎಬ್ಬಿಸಿ, ಅದರೊಳಗೆ ವಿಂಡೋಸ್ ಕೂರಿಸಿ ಕೆಲಸ ಮಾಡಬೇಕು. ಕೆಲಸವೆಂದರೆ ಒತ್ತಕ್ಷರ ಸರಿಪಡಿಸುವುದು, ಸಾಲು ಹೊಂದಿಸುವುದು, ಅಷ್ಟೇ. ಆದರೆ ಎರಡು ಗ್ರಾಫಿಕ್ಸ್ ಚಿಪ್‌ಗಳಿದ್ದ ಮ್ಯಾಕ್‌ಬುಕ್ ಪ್ರೊಗಳಲ್ಲಿ ಇಷ್ಟು ಸಣ್ಣ ಕೆಲಸಕ್ಕೂ ಹೆಚ್ಚು ಶಕ್ತಿಯ ಚಿಪ್, ಅಂದರೆ ದೊಡ್ಡ ಕಾರ್ಡು, ಹೊತ್ತಿಕೊಳ್ಳುತ್ತಿತ್ತು. ಒಂದು ಸೌಟು ಸಾರು ಬಿಸಿ ಮಾಡಲು ಮದುವೆಮನೆಯ ಒಲೆ ಉರಿಸಿದ ಹಾಗೆ. ತಳ ಕಾಯುತ್ತಿತ್ತು, ಫ್ಯಾನ್ ಜೋರಾಗುತ್ತಿತ್ತು, ಬ್ಯಾಟರಿಯ ಗೆರೆ ಸರಸರನೆ ಇಳಿಯುತ್ತಿತ್ತು.

ಎರಡು ಚಿಪ್‌ಗಳ ಆಲೋಚನೆಯನ್ನು ನಾನು ತಪ್ಪೆನ್ನುವುದಿಲ್ಲ. 2008ರ ಕೊನೆಯಲ್ಲಿ ಬಂದ ಮ್ಯಾಕ್‌ಬುಕ್ ಪ್ರೊದಲ್ಲಿ ಎನ್‌ವಿಡಿಯಾದ 9400ಎಂ ಮತ್ತು 9600ಎಂ ಜಿಟಿ ಎರಡೂ ಇದ್ದವು. ಚಿಕ್ಕ ಚಿಪ್‌ನಲ್ಲಿ 5 ಗಂಟೆ, ದೊಡ್ಡದರಲ್ಲಿ 4 ಗಂಟೆ ಬ್ಯಾಟರಿ ಬಾಳುತ್ತದೆ ಎಂದು ಆಪಲ್ ಕಂಪನಿಯೇ ಹೇಳಿತ್ತು. ಒಂದರಿಂದ ಇನ್ನೊಂದಕ್ಕೆ ಹೋಗಲು ಲಾಗೌಟ್ ಆಗಿ ಮತ್ತೆ ಒಳಬರಬೇಕಿತ್ತು. ಕಿರಿಕಿರಿಯೇ ಸರಿ, ಆದರೆ ತೀರ್ಮಾನ ಬಳಸುವವರದಾಗಿತ್ತು. 2010ರ ಏಪ್ರಿಲ್‌ನ ದೊಡ್ಡ ಪರದೆಯ ಮಾದರಿಗಳಲ್ಲಿ ಇಂಟೆಲ್‌ನ ಚಿಪ್ ಜೊತೆಗೆ ಜಿಟಿ 330ಎಂ ಬಂತು, ಬದಲಾವಣೆ ತಾನೇ ತಾನಾಗಿ ನಡೆಯತೊಡಗಿತು. ಕಣ್ಣಿಗೆ ಕಾಣದಂತೆ ಪರದೆಯನ್ನು ಒಂದು ಚಿಪ್‌ನಿಂದ ಇನ್ನೊಂದಕ್ಕೆ ದಾಟಿಸುವ ಆ ಎಂಜಿನಿಯರಿಂಗ್ ನಿಜಕ್ಕೂ ಮೆಚ್ಚುವಂಥದ್ದು.

ನನ್ನ ತಕರಾರು ಇರುವುದು ದಾಟಿಸಬೇಕೋ ಬೇಡವೋ ಎಂದು ಅದು ತೀರ್ಮಾನಿಸುತ್ತಿದ್ದ ರೀತಿಯ ಬಗ್ಗೆ. ಎಷ್ಟು ಭಾರದ ಕೆಲಸ ನಡೆದಿದೆ ಎಂದು ಸಿಸ್ಟಮ್ ಅಳೆಯುತ್ತಿರಲಿಲ್ಲ. ಓಪನ್‌ಜಿಎಲ್‌ನಂಥ ಗ್ರಾಫಿಕ್ಸ್ ಸೌಲಭ್ಯವನ್ನು ಯಾವುದಾದರೂ ತಂತ್ರಾಂಶ ಕೇಳಿತೇ ಎಂದಷ್ಟೇ ನೋಡುತ್ತಿತ್ತು. ಕೇಳಿದರೆ ದೊಡ್ಡ ಕಾರ್ಡು ಏಳುತ್ತಿತ್ತು. ಆ ತಂತ್ರಾಂಶ ಮುಚ್ಚುವವರೆಗೂ, ಅದು ಸುಮ್ಮನೆ ಕೂತಿದ್ದರೂ, ಕಾರ್ಡು ಮಲಗುವಂತಿರಲಿಲ್ಲ. ಚಿಕ್ಕ ಚಿಪ್ಪೇ ನನಗೆ ಸಾಕು ಎಂದು ಘೋಷಿಸಿಕೊಳ್ಳುವ ಅವಕಾಶ ತಂತ್ರಾಂಶ ಬರೆಯುವವರಿಗಿತ್ತು. ಹಣ ಕೊಟ್ಟು ಲ್ಯಾಪ್‌ಟಾಪ್ ಕೊಂಡವರಿಗೆ ಸಿಕ್ಕಿದ್ದು ಸ್ವಯಂಚಾಲಿತ ಬದಲಾವಣೆ ಇರಲಿ, ಬೇಡ ಎಂಬ ಒಂದು ಚೌಕ ಮಾತ್ರ. ಬೇಡವೆಂದರೆ ಸದಾ ದೊಡ್ಡ ಕಾರ್ಡೇ ಗತಿ. ಸದಾ ಚಿಕ್ಕದೇ ಇರಲಿ ಎನ್ನಲು ಆ ಸೆಟ್ಟಿಂಗ್ ಪುಟದಲ್ಲಿ ಜಾಗವೇ ಇರಲಿಲ್ಲ.

ವರ್ಚುವಲ್ ಮಷಿನ್ ಈ ಕುರುಡನ್ನು ಎಲ್ಲಕ್ಕಿಂತ ಚೆನ್ನಾಗಿ ಬಯಲಿಗೆಳೆಯುತ್ತದೆ. ಒಳಗಿನ ವಿಂಡೋಸ್‌ಗೆ ನಿಜವಾದ ಗ್ರಾಫಿಕ್ಸ್ ಕಾರ್ಡು ಕಾಣುವುದಿಲ್ಲ. ವಿಎಂವೇರ್ ತೋರಿಸುವ ಒಂದು ಕಲ್ಪಿತ ಕಾರ್ಡು ಅದಕ್ಕೆ ಕಾಣುತ್ತದೆ. ವಿಂಡೋಸ್ ತನ್ನ ಗ್ರಾಫಿಕ್ಸ್ ಸೌಲಭ್ಯವಾದ ಡೈರೆಕ್ಟ್‌ತ್ರೀಡಿಯಲ್ಲಿ ಕೊಟ್ಟ ಆದೇಶಗಳನ್ನು ಹೊರಗಿನ ತಂತ್ರಾಂಶ ಓಪನ್‌ಜಿಎಲ್‌ಗೆ, ನಂತರದ ವರ್ಷಗಳಲ್ಲಿ ಆಪಲ್‌ನದೇ ಮೆಟಲ್‌ಗೆ, ಮಾರ್ಪಡಿಸುತ್ತದೆ. 2009ರಲ್ಲಿ ವಿಂಡೋಸ್ 7 ಮತ್ತು ಫ್ಯೂಶನ್ 3 ಬಂದಾಗ ಏರೋ ಎಂಬ ಗಾಜಿನಂಥ ಅಂಚುಗಳು ವರ್ಚುವಲ್ ಮಷಿನ್ನಿನಲ್ಲೂ ಮಿನುಗುತ್ತವೆ ಎಂಬುದು ದೊಡ್ಡ ಸುದ್ದಿ. ಆ ಮಿನುಗಿಗೆ ತ್ರೀಡಿ ಬೇಕು, ತ್ರೀಡಿಗೆ ಓಪನ್‌ಜಿಎಲ್ ಬೇಕು, ಓಪನ್‌ಜಿಎಲ್ ಎಂದೊಡನೆ ಮ್ಯಾಕ್ ದೊಡ್ಡ ಕಾರ್ಡನ್ನು ಎಬ್ಬಿಸುತ್ತದೆ. ಕಿಟಕಿಯ ಅಂಚು ಪಾರದರ್ಶಕವಾಗಿರಲಿ ಎಂಬ ಒಂದೇ ಕಾರಣಕ್ಕೆ ನುಡಿಯಲ್ಲಿ ಟೈಪ್ ಮಾಡುವವರು ಗಂಟೆಗಟ್ಟಲೆ ಬ್ಯಾಟರಿ ಕಳೆದುಕೊಂಡರು. 2010ರ 15 ಅಂಗುಲದ ಮಾದರಿಯ ಬ್ಯಾಟರಿ 77.5 ವಾಟ್-ಅವರ್. ಕಂಪನಿ ಹೇಳಿದ 8ರಿಂದ 9 ಗಂಟೆ ಬರಬೇಕಾದರೆ ಇಡೀ ಯಂತ್ರ ಸರಾಸರಿ 9 ವಾಟ್ ಆಸುಪಾಸಿನಲ್ಲಿ ಬದುಕಬೇಕು. ಅದರ ಮೇಲೆ ಇನ್ನೊಂದು 9 ವಾಟ್ ಬಿದ್ದರೆ ಅವಧಿ ಅರ್ಧಕ್ಕಿಳಿಯುತ್ತದೆ.

ಈ ಕತ್ತಲೆಗೆ ದೀಪ ಹಿಡಿದದ್ದು ಕೋಡಿ ಕ್ರೀಗರ್ ಬರೆದ, ಉಚಿತವೂ ಮುಕ್ತವೂ ಆದ ಜಿಎಫ್ಎಕ್ಸ್‌ಕಾರ್ಡ್‌ಸ್ಟೇಟಸ್ ಎಂಬ ಪುಟ್ಟ ತಂತ್ರಾಂಶ. ಈಗ ಯಾವ ಚಿಪ್ ಓಡುತ್ತಿದೆ ಎಂದು ಮೆನುವಿನ ಪಟ್ಟಿಯಲ್ಲಿ ಒಂದೇ ಅಕ್ಷರದಲ್ಲಿ ತೋರಿಸುತ್ತಿತ್ತು; ದೊಡ್ಡ ಕಾರ್ಡನ್ನು ಎಬ್ಬಿಸಿ ಕೂರಿಸಿದ ತಂತ್ರಾಂಶ ಯಾವುದೆಂದು ಹೆಸರು ಹಿಡಿದು ಹೇಳುತ್ತಿತ್ತು; ಚಿಕ್ಕದರಲ್ಲೇ ಇರು ಎಂದು ಆಜ್ಞೆ ಮಾಡಲು ಬಿಡುತ್ತಿತ್ತು. ಒಂದು ಇಡೀ ಕಂಪನಿ ಬಳಸುವವರಿಂದ ಮರೆಮಾಡಿದ್ದನ್ನು ಒಬ್ಬ ವ್ಯಕ್ತಿ ತೆರೆದಿಟ್ಟದ್ದು ದೊಡ್ಡ ಉಪಕಾರ ಎಂದೇ ನಾನು ತಿಳಿದಿದ್ದೇನೆ. ಅದಕ್ಕೂ ಮಿತಿಗಳಿದ್ದವು. ಆಜ್ಞೆಯನ್ನು ವರ್ಚುವಲ್ ಮಷಿನ್ ತೆರೆಯುವ ಮೊದಲೇ ಕೊಡಬೇಕು. ಪ್ರೊಜೆಕ್ಟರೋ ಹೊರಗಿನ ಮಾನಿಟರೋ ಜೋಡಿಸಿದರೆ ದೊಡ್ಡ ಕಾರ್ಡು ಬಂದೇ ಬರುತ್ತದೆ, ಏಕೆಂದರೆ ಆ ತಂತಿಗಳು ಹೋಗುವುದೇ ಅದಕ್ಕೆ.

ವರ್ಚುವಲ್ ಮಷಿನ್ನಿನ ಸೆಟ್ಟಿಂಗಿನಲ್ಲಿ ತ್ರೀಡಿ ಆಕ್ಸಿಲರೇಶನ್ ಆಫ್ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ ಎಂಬುದು ಎಲ್ಲರೂ ಕೊಡುವ ಸಲಹೆ. ವಿಂಡೋಸ್ 7ರ ಮಟ್ಟಿಗೆ ಇದು ಒಳ್ಳೆಯ ಸಲಹೆಯೇ. ಏರೋ ಹೋಗಿ ಸಾದಾ ಕಿಟಕಿಗಳು ಬರುತ್ತವೆ, ಚಿಕ್ಕ ಚಿಪ್ ನೆಮ್ಮದಿಯಾಗಿರುತ್ತದೆ. ವಿಂಡೋಸ್ 8ರಿಂದ ಮುಂದಕ್ಕೆ ಲೆಕ್ಕ ಬೇರೆ. ಅಲ್ಲಿ ಕಿಟಕಿಗಳನ್ನು ಪರದೆಯ ಮೇಲೆ ಜೋಡಿಸುವ ಕೆಲಸ ನಿಲ್ಲಿಸಲು ಬರುವುದಿಲ್ಲ. ತ್ರೀಡಿ ಇಲ್ಲದಿದ್ದರೆ ಅಷ್ಟನ್ನೂ ಪ್ರೊಸೆಸರ್ ಹೊರುತ್ತದೆ. ಟೈಪ್ ಮಾಡುವಾಗ ಪರದೆಯ ಒಂದು ಮೂಲೆ ಮಾತ್ರ ಬದಲಾಗುವುದರಿಂದ ಹೊರೆ ಕಡಿಮೆ. ಉದ್ದದ ಪಿಡಿಎಫ್ ಉರುಳಿಸುತ್ತ ಹೋದರೆ, ವಿಡಿಯೊ ನೋಡಿದರೆ, ಉಳಿಸಿದ್ದೆಲ್ಲ ಪ್ರೊಸೆಸರ್ ಪಾಲಾಗುತ್ತದೆ. ಯಾವ ಕೆಲಸಕ್ಕೆ ಎಂದು ಕೇಳದೆ ಕೊಡುವ ಈ ಸಲಹೆಯಲ್ಲೂ ಇರುವುದು ಸ್ವಯಂಚಾಲಿತ ಬದಲಾವಣೆಯ ದೋಷವೇ.

ಬ್ಯಾಟರಿ ಇಳಿದರೆ ಕಾರ್ಡನ್ನೇ ದೂರುವುದೂ ಅರ್ಧ ನ್ಯಾಯ. ಇಂದಿನ ಪ್ರೊಸೆಸರ್‌ಗಳು ವಿದ್ಯುತ್ ಉಳಿಸುವುದು ಆಳವಾಗಿ ಮಲಗಿ. ಒಳಗಿನ ಆಪರೇಟಿಂಗ್ ಸಿಸ್ಟಮ್ ಇನ್ನೊಂದರ ಹೊಟ್ಟೆಯಲ್ಲಿದ್ದರೂ ಸ್ವತಂತ್ರ ಯಂತ್ರದಂತೆಯೇ ನಡೆದುಕೊಳ್ಳುತ್ತದೆ. ಅದು ತನ್ನ ಗಡಿಯಾರ ಬಡಿಯುತ್ತಲೇ ಇರುತ್ತದೆ. ವಿಂಡೋಸ್‌ನಲ್ಲಿ ಮಾಮೂಲಾಗಿ ಸೆಕೆಂಡಿಗೆ 64 ಬಾರಿ. ಒಂದು ಬ್ರೌಸರೋ ಹಾಡಿನ ಪ್ಲೇಯರೋ ಕೇಳಿಕೊಂಡರೆ 1000 ಬಾರಿಯವರೆಗೂ ಏರಬಹುದು. ಪ್ರತಿ ಬಡಿತಕ್ಕೂ ಹೊರಗಿನ ನಿಜವಾದ ಪ್ರೊಸೆಸರ್ ಎಚ್ಚರಗೊಳ್ಳಬೇಕು. ಲಿನಕ್ಸ್ 2007ರಲ್ಲಿ, 2.6.21ನೇ ಆವೃತ್ತಿಯಲ್ಲಿ, ಕೆಲಸವಿಲ್ಲದಾಗ ಬಡಿತ ನಿಲ್ಲಿಸುವುದನ್ನು ಕಲಿಯಿತು. ವಿಂಡೋಸ್ 8 ಅಂಥದ್ದನ್ನೇ ತಂತು. ಈ ಬಡಿತ ಏರದಿರಬೇಕಾದರೆ ಚಾರ್ಜರ್ ಇಲ್ಲದೆ ಹೊರಟವರು ಮೊದಲು ಮಾಡಬೇಕಾದ್ದು ವರ್ಚುವಲ್ ಮಷಿನ್ನಿನೊಳಗೆ ಬ್ರೌಸರ್ ತೆರೆಯದಿರುವುದು. ಕಡತ ತಿದ್ದಿ ಮುಗಿದೊಡನೆ ಅದನ್ನು ಸಸ್ಪೆಂಡ್ ಮಾಡುವುದು ಅದರ ನಂತರದ್ದು. ಕಿಟಕಿಯನ್ನು ಕೆಳಗಿಳಿಸಿದ ಮಾತ್ರಕ್ಕೆ ಒಳಗಿನ ಗಡಿಯಾರ ನಿಲ್ಲುವುದಿಲ್ಲ. ಪ್ಯಾರಲಲ್ಸ್ 2015ರಲ್ಲಿ ಪ್ರಯಾಣಕ್ಕೆಂದೇ ಬ್ಯಾಟರಿ ಉಳಿಸುವ ಒಂದು ವಿಧಾನ ಸೇರಿಸಿತು. ಎರಡು ಸಿಸ್ಟಮ್‌ಗಳ ನಡುವೆ ಮಾತುಕತೆ ಬೇಕು ಎಂದು ಒಪ್ಪಿಕೊಂಡ ಹೆಜ್ಜೆ ಅದು, ಸರಿಯಾದ ಹೆಜ್ಜೆ.

ಮತ್ತೆ ಜೋಡಿ ಚಿಪ್‌ಗಳಿಗೆ ಬಂದರೆ, ಲಿನಕ್ಸ್ ಬಳಸುವವರ ಅನುಭವ ಮ್ಯಾಕ್ ಬಳಸುವವರದಕ್ಕೆ ತದ್ವಿರುದ್ಧ. 2010ರಲ್ಲಿ ಎನ್‌ವಿಡಿಯಾ ತಂದ, ತಾನಾಗಿ ಚಿಪ್ ಬದಲಿಸುವ ಆಪ್ಟಿಮಸ್ ವಿಧಾನಕ್ಕೆ ಲಿನಕ್ಸ್‌ನಲ್ಲಿ ಕಂಪನಿಯ ಬೆಂಬಲ ಇರಲಿಲ್ಲ. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಆ ಕಂಪನಿಯ ಮೇಲೆ ಸಿಡಿದೆದ್ದದ್ದು ಆಪ್ಟಿಮಸ್ ಲ್ಯಾಪ್‌ಟಾಪ್ ಕೊಂಡಿದ್ದ ಸಭಿಕರೊಬ್ಬರ ಪ್ರಶ್ನೆಗೆ. ಅಷ್ಟರಲ್ಲಿ ಬಳಕೆದಾರರೇ ಬಂಬಲ್‌ಬೀ ಎಂಬ ಯೋಜನೆ ಕಟ್ಟಿಕೊಂಡಿದ್ದರು. ಒರಟು ಸಾಧನ, ಪದೇ ಪದೇ ಮುರಿಯುತ್ತಿತ್ತು. ಆದರೂ ಅದರ ನಿಲುವನ್ನು ನಾನು ಆಪಲ್‌ನ ನಯಗಾರಿಕೆಗಿಂತ ಮೇಲೆ ಇಡುತ್ತೇನೆ. ದೊಡ್ಡ ಕಾರ್ಡು ಮಲಗಿಯೇ ಇರುತ್ತದೆ. ಆಪ್ಟಿರನ್ ಎಂದು ಟೈಪ್ ಮಾಡಿ ಮುಂದೆ ಒಂದು ತಂತ್ರಾಂಶದ ಹೆಸರು ಬರೆದರೆ ಅದಕ್ಕೆ ಮಾತ್ರ ಏಳುತ್ತದೆ. 2019ರಲ್ಲಿ ಎನ್‌ವಿಡಿಯಾದ ಸ್ವಂತ ಡ್ರೈವರ್ ಇದೇ ಬಗೆಯ ಕ್ರಮವನ್ನು ಅಳವಡಿಸಿಕೊಂಡಿತು.

2020ರ ಎಂ1 ಚಿಪ್‌ನೊಂದಿಗೆ ಮ್ಯಾಕ್‌ನಲ್ಲಿ ಎರಡನೆಯ ಕಾರ್ಡೇ ಇಲ್ಲವಾಯಿತು. ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಜೋಡಿ ಚಿಪ್‌ಗಳು ಈಗಲೂ ಧಾರಾಳವಾಗಿವೆ. 2018ರಿಂದ ವಿಂಡೋಸ್ 10ರ ಸೆಟ್ಟಿಂಗಿನಲ್ಲಿ ಪ್ರತಿ ತಂತ್ರಾಂಶಕ್ಕೂ ವಿದ್ಯುತ್ ಉಳಿಸುವ ಚಿಪ್ಪೋ ಶಕ್ತಿಯ ಚಿಪ್ಪೋ ಎಂದು ಬಳಸುವವರೇ ಗೊತ್ತುಮಾಡಬಹುದು. ಬೇಕಾಗಿದ್ದದ್ದು ಬಹುಮಟ್ಟಿಗೆ ಇದೇ. ಆದರೆ ಆ ಸೆಟ್ಟಿಂಗಿಗೆ, ವರ್ಚುವಲ್ ಮಷಿನ್ ನಡೆಸುವ ವರ್ಚುವಲ್‌ಬಾಕ್ಸ್ ಒಂದೇ ತಂತ್ರಾಂಶವಾಗಿ ಕಾಣುತ್ತದೆ. ಅದರೊಳಗೆ ಹಳೆಯ ನುಡಿ ಕಡತಗಳಿಗೆಂದು ಇಟ್ಟ ಮಷಿನ್ ಮತ್ತು ಕಟ್ಟಡದ ತ್ರೀಡಿ ನಕ್ಷೆಗೆಂದು ಇಟ್ಟ ಮಷಿನ್ ಬೇರೆ ಬೇರೆ ಎಂದು ಅದಕ್ಕೆ ತಿಳಿಯದು. ತ್ರೀಡಿ ಆಕ್ಸಿಲರೇಶನ್ ಆದರೋ ಮಷಿನ್ ಮಷಿನ್‌ಗೂ ಪ್ರತ್ಯೇಕವಾಗಿದೆ. ಚಿಪ್ಪಿನ ಆಯ್ಕೆಯೂ ಆಯಾ ಮಷಿನ್ನಿನ ಸೆಟ್ಟಿಂಗ್ ಪುಟಕ್ಕೆ ಬರುವ ತನಕ, ಎರಡು ಮಷಿನ್‌ಗಳನ್ನು ಬೇರೆಬೇರೆಯಾಗಿ ಕಟ್ಟಿ, ಅಕ್ಷರದ ಕೆಲಸದ್ದರಲ್ಲಿ ತ್ರೀಡಿ ಆಫ್ ಮಾಡಿ, ಒಂದೇ ಪ್ರೊಸೆಸರ್ ಕೋರ್ ಕೊಟ್ಟು ಇಟ್ಟುಕೊಳ್ಳುವುದು ಒಳ್ಳೆಯದು.