ಮೂವತ್ತು ಸೆಕೆಂಡಿನಲ್ಲಿ ಮಾಯವಾದವರು

ಕಡೂರಿನಲ್ಲಿ ಬೆಳಗಿನ ಜಾವ ತೆಗೆದ ಒಂದು ಫೋಟೋ ನನ್ನ ಬಳಿ ಇದೆ. ಬಿ.ಎಚ್. ರಸ್ತೆ, ಬಾಗಿಲು ಹಾಕಿದ ಅಂಗಡಿಗಳು, ಬೀದಿದೀಪದ ಹಳದಿ ಬೆಳಕು, ಲಾರಿ ಹಾದುಹೋದ ಗುರುತಾಗಿ ಉದ್ದನೆಯ ಕೆಂಪು ಗೆರೆ. ನೋಡಿದವರೆಲ್ಲ ‘ನಮ್ಮೂರಿನ ಪೇಟೆ ಇಷ್ಟು ಚೆನ್ನಾಗಿದೆಯಾ!’ ಎಂದರು. ಒಬ್ಬ ಗೆಳೆಯ ‘ಒಂದು ನರಪಿಳ್ಳೆಯೂ ಇಲ್ಲ ನೋಡು, ಎಂಥಾ ಶಾಂತಿ’ ಎಂದ. ನನಗೆ ಕಸಿವಿಸಿ ಶುರುವಾದದ್ದು ಆ ಮಾತಿನಿಂದಲೇ. ಕ್ಯಾಮೆರಾ ಕಣ್ಣು ತೆರೆದಿದ್ದ 30 ಸೆಕೆಂಡೂ ಒಬ್ಬ ಹೆಂಗಸು ಆ ರಸ್ತೆಯನ್ನು ಗುಡಿಸುತ್ತಿದ್ದರು. ಫೋಟೋದಲ್ಲಿ ಅವರಿಲ್ಲ. ಅವರು ಗುಡಿಸಿದ ರಸ್ತೆ ಮಾತ್ರ ಇದೆ.

ಇದರಲ್ಲಿ ಮಾಟ ಮಂತ್ರವೇನೂ ಇಲ್ಲ. ಕತ್ತಲಲ್ಲಿ ಬೆಳಕು ಸಾಲದು, ಹಾಗಾಗಿ ಷಟರನ್ನು ಹೆಚ್ಚು ಹೊತ್ತು ತೆರೆದಿಡುತ್ತೇವೆ. ಆಗ ನಿಂತದ್ದು ಉಳಿಯುತ್ತದೆ, ಚಲಿಸಿದ್ದು ಅಳಿಸಿಹೋಗುತ್ತದೆ. ದೀಪ ಹೊತ್ತು ಓಡಿದ್ದು ಗೆರೆಯಾಗುತ್ತದೆ. ತರೀಕೆರೆಯ ಏರಿಯ ಮೇಲಿನ ಮೂರು ಕರಿಕುರಿ ಮರಿಗಳ ಹೆಸರಿನಲ್ಲಿ ನಾಲಿಗೆ ತೊಡರಿಸಿಕೊಳ್ಳದ ಕನ್ನಡ ಮಕ್ಕಳಿಲ್ಲ. ಆ ಏರಿಯ ಮೇಲೆ ರಾತ್ರಿ ಹೀಗೆ ಕ್ಯಾಮೆರಾ ಇಟ್ಟರೆ ಏರಿ ಉಳಿದೀತು, ಮೇಯುವ ಮರಿಗಳು ಉಳಿಯಲಾರವು.

ಛಾಯಾಗ್ರಹಣದ ಆರಂಭದಲ್ಲೇ ಈ ಕಥೆ ಇದೆ. 1838ರಲ್ಲಿ ಡಾಗೆರ್ ಪ್ಯಾರಿಸಿನ ಬುಲೆವಾರ್ ದ್ಯು ತಾಂಪ್ಲ್ ಎಂಬ ಬೀದಿಯ ಚಿತ್ರ ತೆಗೆದ. ಹಗಲು ಹೊತ್ತು, ಗಿಜಿಗುಡುವ ಬೀದಿ. ಆದರೆ ಚಿತ್ರ ಮೂಡಲು ಕೆಲವು ನಿಮಿಷಗಳೇ ಬೇಕಾಗಿದ್ದರಿಂದ ಗಾಡಿ, ಕುದುರೆ, ಜನ ಎಲ್ಲ ಮಾಯ. ಉಳಿದದ್ದು ಬೂಟು ಪಾಲಿಶ್ ಮಾಡಿಸಿಕೊಳ್ಳಲು ಒಂದು ಕಾಲೆತ್ತಿ ನಿಂತ ಒಬ್ಬ ಮನುಷ್ಯ. ಪಾಲಿಶ್ ಮಾಡುತ್ತಿದ್ದವನ ಆಕಾರ ಅವನ ಕಾಲಬುಡದಲ್ಲಿ ಮಸುಕಾಗಿ ಕಲಸಿಹೋಗಿದೆ. ಸೇವೆ ಪಡೆದವನು ಸ್ಪಷ್ಟ, ಕೆಲಸ ಮಾಡಿದವನು ಮಸುಕು. ಇದು ಡಾಗೆರನ ತಪ್ಪಲ್ಲ, ಅವನ ಕಾಲದ ತಂತ್ರದ ಮಿತಿ. ನನಗೆ ಆ ಮಿತಿ ಇರಲಿಲ್ಲ. ಗೆರೆ ಚೆನ್ನಾಗಿ ಬರಲಿ ಎಂದು 30 ಸೆಕೆಂಡನ್ನು ನಾನೇ ಆರಿಸಿಕೊಂಡಿದ್ದೆ.

ಬೆಂಗಳೂರಿನ ಮೇಲ್ಸೇತುವೆಗಳ ರಾತ್ರಿ ಚಿತ್ರಗಳಿಂದ ನಾವು ಕಲಿತದ್ದು ಈ ಗೆರೆಗಳ ಸೊಗಸನ್ನೇ. ಅದನ್ನೇ ಈಗ ನಮ್ಮ ಸಣ್ಣ ಊರುಗಳ ಮೇಲೂ ಹೊದಿಸುತ್ತಿದ್ದೇವೆ. ಅಜ್ಜಂಪುರದ ಸ್ಟೇಷನ್ನಿನಲ್ಲಿ ರಾತ್ರಿ ರೈಲನ್ನು ನಾನೂ ಹಾಗೆ ತೆಗೆದಿದ್ದೇನೆ. ಕಿಟಕಿಗಳೆಲ್ಲ ಕೂಡಿ ಒಂದೇ ಬೆಳಕಿನ ಪಟ್ಟಿ. ಕಿಟಕಿಗೆ ಹಣೆ ಆನಿಸಿ ಕೂತವರು ಯಾರೂ ಇಲ್ಲ. ಬೋರ್ಡು ಮರೆಮಾಡಿದರೆ ಅದು ಅಜ್ಜಂಪುರವೋ ಬೇರೆ ಯಾವ ಊರೋ ಹೇಳಲಾಗದು. ಊರನ್ನು ತೋರಿಸಲು ಹೊರಟ ಚಿತ್ರದಲ್ಲಿ ಊರೇ ಇಲ್ಲದಿದ್ದರೆ ಅದನ್ನು ಚೆಂದ ಎನ್ನಬಹುದು, ಒಳ್ಳೆಯದು ಎನ್ನುವುದು ಕಷ್ಟ.

ಹಾಗಾದರೆ ರಾತ್ರಿಯ ಒಳ್ಳೆಯ ಚಿತ್ರ ಹೇಗಿರುತ್ತದೆ? ಬ್ರಸಾಯ್ 1933ರಲ್ಲಿ ಪ್ಯಾರಿಸಿನ ರಾತ್ರಿಯ ಚಿತ್ರಗಳ ಪುಸ್ತಕ ತಂದ. ಷಟರ್ ಎಷ್ಟು ಹೊತ್ತು ತೆರೆದಿರಬೇಕೆಂದು ಸಿಗರೇಟು ಸೇದುತ್ತಾ ಅಳೆಯುತ್ತಿದ್ದನಂತೆ. ಆದರೂ ಅವನ ರಾತ್ರಿಯಲ್ಲಿ ಜನ ಇದ್ದಾರೆ. ಎಷ್ಟೋ ಕಡೆ ಅವನು ಜನರನ್ನು ಒಪ್ಪಿಸಿ ನಿಲ್ಲಿಸಿಕೊಂಡ. ನಮ್ಮವರೇ ಆದ ಧ್ರುವ್ ಮಲ್ಹೋತ್ರಾ ದೀರ್ಘ ಎಕ್ಸ್‌ಪೋಷರಿನ ಗುಣವನ್ನೇ ತಿರುಗಿಸಿ ಬಳಸಿಕೊಂಡರು. ಅವರ ‘ಸ್ಲೀಪರ್ಸ್’ ಸರಣಿಯಲ್ಲಿ ಬಯಲಲ್ಲಿ ಮಲಗಿದವರೇ ಇದ್ದಾರೆ. ನಿದ್ದೆ ಮಾಡುವವನು ಅಲ್ಲಾಡುವುದಿಲ್ಲ. ಹಗಲಿನಲ್ಲಿ ನಮ್ಮ ಕಣ್ಣು ದಾಟಿಹೋಗುವವನು ಅಲ್ಲಿ ಚಿತ್ರದ ನಡುವೆ ಗಟ್ಟಿಯಾಗಿ ಉಳಿಯುತ್ತಾನೆ.

ಇನ್ನೊಂದು ದಾರಿ ಬಾದಲ್ ನಂಜುಂಡಸ್ವಾಮಿಯವರದು. 2019ರ ಸೆಪ್ಟೆಂಬರಿನಲ್ಲಿ ಅವರು ಮಾಡಿದ ವಿಡಿಯೋ ನೀವು ನೋಡಿರುತ್ತೀರಿ. ಗಗನಯಾತ್ರಿಯ ಉಡುಪಿನ ಒಬ್ಬರು ಚಂದ್ರನ ಮೇಲೆ ನಿಧಾನಕ್ಕೆ ಹೆಜ್ಜೆ ಇಡುತ್ತಾರೆ. ಪಕ್ಕದಲ್ಲೇ ಆಟೋ ಹಾದುಹೋದಾಗ ಅದು ಬೆಂಗಳೂರಿನ ಗುಂಡಿಬಿದ್ದ ರಸ್ತೆ ಎಂದು ಗೊತ್ತಾಗುತ್ತದೆ. ಕತ್ತಲು ಆ ರಸ್ತೆಯನ್ನು ಮೊದಲು ಸುಂದರ ಮಾಡಿತು, ಆಟೋದ ದೀಪ ನಿಜ ಹೇಳಿತು. ಆಟೋ ಬರುವ ಮುಂಚೆ ನಿಲ್ಲಿಸಿದ್ದರೆ ಅದು ಬರೀ ಚಮತ್ಕಾರವಾಗುತ್ತಿತ್ತು. ನನ್ನ ಕಡೂರಿನ ಚಿತ್ರಕ್ಕೆ ಆಟೋ ಬರಲೇ ಇಲ್ಲ.

ಇದೇ ಗುಂಗಿನಲ್ಲಿ ಒಂದು ಮಧ್ಯಾಹ್ನ ತರೀಕೆರೆ ಹತ್ತಿರದ ಅಮೃತಾಪುರಕ್ಕೆ ಹೋದೆ. ಅಮೃತೇಶ್ವರ ದೇವಾಲಯ 1196ರದು, ಇಮ್ಮಡಿ ವೀರಬಲ್ಲಾಳನ ಕಾಲದ್ದು. ಕಟ್ಟಿಸಿದ ದಂಡನಾಯಕನ ಹೆಸರು ದೇವರಿಗೇ ಅಂಟಿಕೊಂಡಿದೆ. ಅದು ಆಶ್ಚರ್ಯವಲ್ಲ. ಕಲ್ಲು ಕೆತ್ತಿದ ರೂವಾರಿ ಮಲ್ಲಿತಮ್ಮನ ಹೆಸರೂ ಅಲ್ಲಿ ಉಳಿದಿದೆ ಎಂಬುದು ದೊಡ್ಡದು. ಎಂಟು ನೂರು ವರ್ಷ ದಾಟಿದರೂ ಕೆಲಸಗಾರನೊಬ್ಬನ ಹೆಸರು ಅಳಿಸಿಲ್ಲ. ನಾನು ಒಬ್ಬ ಕೆಲಸಗಾರ್ತಿಯನ್ನು ಅರ್ಧ ನಿಮಿಷದಲ್ಲಿ ಅಳಿಸಿದ್ದೆ.

ಮತ್ತೊಂದು ಬೆಳಗಿನ ಜಾವ ಅದೇ ರಸ್ತೆಗೆ ಹೋದೆ. ಅವರು ಇದ್ದರು. ಮೊದಲಿನ ಫೋಟೋ ತೋರಿಸಿ, ‘ಅಕ್ಕಾ, ಇದ್ರಲ್ಲಿ ನೀವೂ ಇರಬೇಕಿತ್ತು’ ಎಂದೆ. ಫೋನನ್ನು ದೂರ ಹಿಡಿದು ನೋಡಿ, ‘ರಸ್ತೆ ಚೊಕ್ಕಟವಾಗೈತಲ್ಲ, ಸಾಕು ಬಿಡಣ್ಣ’ ಎಂದರು. ಬ್ರಸಾಯ್‌ನನ್ನು ನೆನೆದು, ಒಂದು ಕ್ಷಣ ಅಲ್ಲಾಡದೆ ನಿಲ್ಲುತ್ತೀರಾ ಎಂದು ಕೇಳಿದೆ. ‘ನಾನ್ ನಿಂತ್ರೆ ಈ ಬೀದಿ ನೀನ್ ಗುಡಿಸ್ತೀಯೇನಣ್ಣ?’ ಎಂದು ನಕ್ಕು ಮುಂದೆ ಹೋದರು.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕ್ಯಾಮೆರಾವನ್ನು ಸ್ಟ್ಯಾಂಡಿನಿಂದ ಬಿಚ್ಚಿ, ಐಎಸ್‌ಒ ಏರಿಸಿ, ಅವರ ಹಿಂದೆಯೇ ನಡೆಯುತ್ತಾ ತೆಗೆದೆ. ಚಿತ್ರದ ತುಂಬಾ ರವೆಯಂತೆ ಚುಕ್ಕಿಗಳು ಎದ್ದಿವೆ. ಕೆಂಪು ಗೆರೆಯಿಲ್ಲ, ಪೊರಕೆ ಮಸುಕು. ಬಗ್ಗಿದ ಬೆನ್ನು ಮಾತ್ರ ಇದೆ, ಅದರಾಚೆ ಇನ್ನೂ ಗುಡಿಸಬೇಕಾದ ರಸ್ತೆ. ‘ಇದ್ಯಾಕೋ ಸರಿಯಾಗಿ ಬಂದಿಲ್ಲ’ ಎಂದ ಅದೇ ಗೆಳೆಯ. ಕಡೂರಿನ ಪೇಟೆ ಹೇಗಿದೆ ಎಂದು ಯಾರಾದರೂ ಕೇಳಿದರೆ ಈಗ ನಾನು ತೋರಿಸುವುದು ಅದನ್ನೇ.