ರೈಲನ್ನೇರಿ ಹೊರಟ ಎಂಜಿನು

ರೈಲುಹಳಿ ಇಂದಿಗೂ ಕಾಲಿಡದ ಕೊಡಗಿನಲ್ಲಿ ಕುಳಿತು ರೈಲ್ವೆಯ ಪದ್ಧತಿಯೊಂದನ್ನು ವಿಮರ್ಶಿಸಹೊರಡುವುದು ಅಧಿಕಪ್ರಸಂಗವೆನಿಸಬಹುದು; ಆದರೆ ಸಂಪಾಜೆ ಘಟ್ಟದ ತಿರುವುಗಳಲ್ಲಿ ದಿಮ್ಮಿ ಹೇರಿದ ಲಾರಿ ಏದುತ್ತ ಇಳಿಯುವಾಗ ಅದರ ಹಿಂದೆ ಸಾಲುಗಟ್ಟಿ ನಿಂತವರಿಗೆ, ಗುರುಭಾರವನ್ನು ಕಡಲತಡಿಗೆ ಮುಟ್ಟಿಸುವ ವಿದ್ಯೆಯ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಪರದೇಶಕ್ಕೆಂದು ನಿರ್ಮಿತವಾದ ಕಿರಿಯಗಲದ ಡೀಸೆಲ್ ಎಂಜಿನನ್ನು ಹಿರಿಯಗಲದ ಹಳಿಯ ಮೇಲೆ ಬಂದರಿಗೆ ಸಾಗಿಸುವುದು ಅಂತಹ ವಿದ್ಯೆ.

ಇದರ ಫಲವನ್ನು ನಮ್ಮ ನಾಡು ಮೊದಲು ಉಂಡದ್ದು ಆಮದಿನ ರೂಪದಲ್ಲಿ. ಮೈಸೂರು ಸೀಮೆಯ ಮೀಟರ್‌ಗೇಜ್ ಹಾದಿಗಳಲ್ಲಿ ದುಡಿದ ವೈಡಿಎಂ-4 ಜಾತಿಯ ಎಂಜಿನುಗಳ ಆದಿತಂಡಗಳು, 1960ರ ದಶಕದಲ್ಲಿ, 1435 ಮಿ.ಮೀ. ಹಳಿಯ ಅಮೆರಿಕದ ಆಲ್ಕೋ ಕಾರ್ಖಾನೆಯಿಂದ ಬಂದವು. ಅವು ಓಡುವ ಹಳಿಯ ಅಗಲವಾದರೋ 1000 ಮಿ.ಮೀ. ಬಳಿಕ ಅದೇ ಜಾತಿಯನ್ನು 1968ರಿಂದ ತಯಾರಿಸಿದ ವಾರಾಣಸಿಯ ಕಾರ್ಖಾನೆ, 1976ರಲ್ಲಿ ತಾಂಜಾನಿಯಾಕ್ಕೂ, ಈಚೆಗೆ 2021ರಲ್ಲಿ 1067 ಮಿ.ಮೀ. ಹಳಿಯ ಮೊಜಾಂಬಿಕ್‌ಗೂ ಎಂಜಿನುಗಳನ್ನು ಕಳುಹಿಸಿ, ನಮ್ಮ ನಾಡನ್ನು ಪಡೆದವರ ಸ್ಥಾನದಿಂದ ಕೊಡುವವರ ಸ್ಥಾನಕ್ಕೇರಿಸಿತು.

ಎಂಜಿನನ್ನು ಬಂಡಿಯ ಮೇಲೆ ಇಟ್ಟು ಕಟ್ಟಿದರಾಯಿತೆಂದು ತಿಳಿದವರು ಲೆಕ್ಕವನ್ನು ನೋಡಬೇಕು. ಮೀಟರ್‌ಗೇಜ್ ಎಂಜಿನಿನ ಎತ್ತರ ಸುಮಾರು 3.4 ಮೀಟರ್, ಹೊರುವ ಚಪ್ಪಟೆ ಬಂಡಿಯ ಹಾಸು ಹಳಿಯಿಂದ ಒಂದು ಮೀಟರಿಗೂ ಮೇಲೆ, ನಮ್ಮ ಅಗಲಹಳಿಯಲ್ಲಿ ಚಲಿಸುವ ವಾಹನಕ್ಕೆ ವಿಹಿತವಾದ ಪರಮಾವಧಿಯೋ 4.265 ಮೀಟರ್. ಆದುದರಿಂದ ಎಂಜಿನಿನ ಗಾಲಿಚೌಕಟ್ಟುಗಳನ್ನು ಕಳಚಿ ಒಡಲನ್ನು ಮಾತ್ರ ನಡುತಗ್ಗಿದ ಬಂಡಿಯ ಮೇಲೆ ಮಲಗಿಸಬೇಕು, ಇಲ್ಲವೆ ಆ ಒಡಲಿಗೇ ಅಗಲಹಳಿಯ ತಾತ್ಕಾಲಿಕ ಗಾಲಿಗಳನ್ನು ತೊಡಿಸಬೇಕು. ಮಿತಿಯನ್ನು ಮೀರಿದ ಸರಕಾದರೆ ಸೇತುವೆ, ಸುರಂಗ, ಪ್ಲಾಟ್‌ಫಾರಂಗಳ ಅಂಚಿನಿಂದ ಉಳಿಯುವ ಅಂತರವನ್ನು ಮೊದಲೇ ಗಣಿಸಿ ಅನುಮತಿ ಪಡೆಯಬೇಕು; ಅಂತರ ಕಿರಿದಾದಷ್ಟೂ ವೇಗ ತಗ್ಗಿ ಕಾವಲು ಹೆಚ್ಚುತ್ತದೆ.

ಈ ಪದ್ಧತಿಯ ದೋಷಗಳು ಸ್ಪಷ್ಟವಾಗಿಯೇ ಇವೆ. ಎಂಜಿನಿನ ವಿದ್ಯುನ್ಮೋಟಾರುಗಳು ಗಾಲಿಚೌಕಟ್ಟಿನಲ್ಲಿಯೇ ಇರುವುದರಿಂದ, ಕಳಚಿದುದನ್ನು ದೂರದೇಶದಲ್ಲಿ ಮರಳಿ ಜೋಡಿಸಿ, ತಂತಿಗಳನ್ನು ಬೆಸೆದು, ಪುನಃ ಪರೀಕ್ಷಿಸಬೇಕು. ಒಂದು ಕೆಲಸಕ್ಕೆ ಎರಡು ಶ್ರಮ. 1992ರಲ್ಲಿ ಆರಂಭವಾದ ಏಕಗೇಜ್ ಯೋಜನೆಯಿಂದ ಮೀಟರ್‌ಗೇಜ್ ಜಾಲ ಕುಗ್ಗಿದ ಮೇಲಂತೂ, ಇಂತಹ ಎಂಜಿನನ್ನು ಸ್ವದೇಶದ ಹಾದಿಯಲ್ಲಿ ದೂರ ಓಡಿಸಿ ನೋಡುವ ಸೌಕರ್ಯವೂ ಅಳಿಯಿತು. ಇಷ್ಟೆಲ್ಲ ತೊಡಕೇಕೆ, ಬಹುಗಾಲಿಯ ಟ್ರೈಲರಿನ ಮೇಲೆ ಹೇರಿ ಹೆದ್ದಾರಿ ಹಿಡಿಸಬಾರದೇ ಎಂದು ಕೇಳುವವರ ವಾದ ಹುರುಳಿಲ್ಲದುದಲ್ಲ.

ಆದರೂ ನನ್ನ ಒಲವು ರೈಲಿನ ಕಡೆಗೇ. ರಸ್ತೆಯ ಸಾಗಣೆ ಭಾರ ಹಿರಿದಾದಂತೆ ತಿರುವನ್ನು ಕಡಿಯೆಂದೂ ಗುಡ್ಡವನ್ನು ಬಗೆಯೆಂದೂ ಒತ್ತಾಯಿಸುತ್ತದೆ. ರೈಲಾದರೋ ಸುರಂಗವನ್ನು ಇದ್ದಂತೆಯೇ ಒಪ್ಪಿಕೊಂಡು, ಹೊರೆಯನ್ನೇ ಅದಕ್ಕೆ ತಕ್ಕಂತೆ ಕಳಚಿ, ತಗ್ಗಿಸಿ, ನಿಧಾನಿಸುತ್ತದೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದು ಮಡಿಕೇರಿ–ಮಂಗಳೂರು ಹಾದಿ ಮುಚ್ಚಿದುದನ್ನು ಕಂಡ ಜಿಲ್ಲೆಗೆ ಈ ಭೇದ ಕೇವಲ ತಾಂತ್ರಿಕವಲ್ಲ. ಹಾದಿಗೆ ಹೊರೆಯನ್ನು ಒಗ್ಗಿಸುವ ಸಂಯಮಕ್ಕೆ ತೆರುವ ಎರಡನೆಯ ಶ್ರಮ, ಹೊರೆಗೆ ಬೆಟ್ಟವನ್ನು ಒಗ್ಗಿಸುವ ಆತುರಕ್ಕೆ ತೆರುವ ದಂಡಕ್ಕಿಂತ ಅಗ್ಗವೆಂಬುದೇ ನನ್ನ ತೀರ್ಮಾನ.